‘ದುರ್ಬಲ’ ಆಮ್ಲದ ಬಲ

ಬಫರ್ ದ್ರಾವಣದ ಲೆಕ್ಕವನ್ನು ಕನ್ನಡದಲ್ಲಿ ನಿರೂಪಿಸುವಾಗ ನಾವು ಸೂತ್ರದಿಂದಲೇ ಆರಂಭಿಸುವುದು ವಾಡಿಕೆ: ಪಿಎಚ್ = ಪಿಕೆಎ + ಲಾಗ್ (ಲವಣ/ಆಮ್ಲ). ಚರಿತ್ರೆಯ ಕ್ರಮ ಬೇರೆ. 1908ರಲ್ಲಿ ಹೆಂಡರ್ಸನ್ ಬರೆದದ್ದು ಸಮತೋಲನದ ಸಂಬಂಧವನ್ನು. 1909ರಲ್ಲಿ ಸೋರೆನ್‌ಸನ್ ಪಿಎಚ್ ಮಾನವನ್ನು ರೂಪಿಸಿದ ಬಳಿಕ ಹ್ಯಾಸೆಲ್‌ಬಾಲ್ಕ್ ಅದಕ್ಕೆ ಲಾಗರಿದಮ್ ರೂಪ ಕೊಟ್ಟರು.

ಕ್ರಮಕ್ಕಿಂತ ಪದದ ತೊಡಕು ಆಳವಾದುದು. ‘ದುರ್ಬಲ’ ಎಂಬ ವಿಶೇಷಣ ಕನ್ನಡದಲ್ಲಿ ಕೊರತೆಯನ್ನು ಧ್ವನಿಸುತ್ತದೆ. ವಿದ್ಯಾರ್ಥಿ ಅದನ್ನು ‘ಸಾರರಿಕ್ತ’ದೊಂದಿಗೆ ಬೆರೆಸಿಬಿಡುತ್ತಾನೆ. ಒಂದು ಅಯಾನೀಕರಣದ ಮಾತು, ಇನ್ನೊಂದು ಸಾಂದ್ರತೆಯದು. ಆಮ್ಲ ದುರ್ಬಲವಾಗಿರುವುದರಿಂದಲೇ ಅದರ ಅಯಾನು ಹೊರಗಿನಿಂದ ಬಂದ ಪ್ರೋಟಾನನ್ನು ಹಿಡಿದಿಡಬಲ್ಲದು.

ಒಂದು ಲೀಟರಿನಲ್ಲಿ 0.10 ಮೋಲ್ ಅಸಿಟಿಕ್ ಆಮ್ಲ, 0.20 ಮೋಲ್ ಸೋಡಿಯಂ ಅಸಿಟೇಟ್ ಇವೆಯೆನ್ನೋಣ. ಪಿಕೆಎ 4.76, ಆದ್ದರಿಂದ ಪಿಎಚ್ 5.06. ಇದಕ್ಕೆ 0.01 ಮೋಲ್ ಹೈಡ್ರೋಕ್ಲೋರಿಕ್ ಆಮ್ಲವನ್ನು ಸೇರಿಸಿದರೆ ಮೊದಲು ಹೇಳಬೇಕಾದುದು ಲಾಗ್ ಅಲ್ಲ, ನಡೆದ ಕ್ರಿಯೆ: ಅಸಿಟೇಟ್ ಪ್ರೋಟಾನನ್ನು ಪಡೆದು 0.19ಕ್ಕೆ ಇಳಿಯುತ್ತದೆ, ಆಮ್ಲ 0.11ಕ್ಕೆ ಏರುತ್ತದೆ. ಪಿಎಚ್ ಈಗ 5.00. ಅಷ್ಟೇ ಆಮ್ಲ ಒಂದು ಲೀಟರ್ ಶುದ್ಧ ನೀರನ್ನು 7ರಿಂದ 2ಕ್ಕೆ ಇಳಿಸುತ್ತಿತ್ತು.

ಸೂತ್ರ ಇಂಗ್ಲಿಷಿನಲ್ಲಿ, ವಿವರಣೆ ಕನ್ನಡದಲ್ಲಿ ಸಾಗುವ ಗಡಿನಾಡಿನ ತರಗತಿಯಲ್ಲಿ ಈ ನಡುವಣ ವಾಕ್ಯವೇ ಮೊದಲು ಬಿಟ್ಟುಹೋಗುವುದು. ‘ದುರ್ಬಲ’ಕ್ಕೆ ಹೊಸ ಪದ ಟಂಕಿಸುವ ಅಗತ್ಯ ನನಗೆ ಕಾಣದು. ಪಡೆಯುತ್ತದೆ, ಇಳಿಯುತ್ತದೆ, ಏರುತ್ತದೆ ಎಂಬ ಕ್ರಿಯಾಪದಗಳನ್ನು ಉಳಿಸಿಕೊಂಡರೆ ಸಾಕು. ಅವು ಲೋಪವಾದೆಡೆ ಕನ್ನಡ ಅಂಕಿಗಳಿಗೆ ಅಂಟಿಸಿದ ಚೀಟಿಯಾಗುತ್ತದೆ, ವಿಚಾರದ ಭಾಷೆಯಾಗುವುದಿಲ್ಲ.