ಊರ ಉಸಾಬರಿಯ ಎರಡು ಕಾದಂಬರಿಗಳು

2007ರ ಆಗಸ್ಟ್ 22ರಂದು ಅಮೆರಿಕದ ಅಧ್ಯಕ್ಷ ಜಾರ್ಜ್ ಡಬ್ಲ್ಯೂ. ಬುಷ್ ಕ್ಯಾನ್ಸಸ್ ಸಿಟಿಯಲ್ಲಿ ಮಾಜಿ ಸೈನಿಕರ ಸಭೆಯೊಂದರಲ್ಲಿ ಭಾಷಣ ಮಾಡಿದರು. ಇರಾಕ್‌ನಿಂದ ಸೇನೆಯನ್ನು ವಾಪಸ್ ಕರೆಸಬೇಕೆಂಬ ಕೂಗು ಜೋರಾಗಿದ್ದ ದಿನಗಳವು. ಆ ಭಾಷಣದ ನಡುವೆ ಅವರು ಒಂದು ಕಾದಂಬರಿಯ ಹೆಸರೆತ್ತಿದರು: ಗ್ರಹಾಂ ಗ್ರೀನ್ ಅವರ ‘ದಿ ಕ್ವಯಟ್ ಅಮೆರಿಕನ್’. ವಿಯೆಟ್ನಾಂಗೆ ಅಮೆರಿಕ ಕಾಲಿಟ್ಟದ್ದೇ ತಪ್ಪು ಎನ್ನುವವರ ವಾದಕ್ಕೂ ಗ್ರೀನ್ ಅವರ ಕಾದಂಬರಿಗೂ ಇರುವ ನಂಟನ್ನು ನೆನಪಿಸಿ, ಅಲ್ಲಿಂದ ಎದ್ದು ಬಂದದ್ದಕ್ಕೆ ಬೆಲೆ ತೆತ್ತವರ ಪಟ್ಟಿಯನ್ನು ಮುಂದಿಟ್ಟರು. ದೋಣಿ ಹತ್ತಿ ದೇಶ ಬಿಟ್ಟವರು, ಮರುಶಿಕ್ಷಣ ಶಿಬಿರಗಳಲ್ಲಿ ಕೊಳೆತವರು, ಕಾಂಬೋಡಿಯದಲ್ಲಿ ಕೊಲೆಯಾದವರು ಆ ಪಟ್ಟಿಯಲ್ಲಿದ್ದರು.

ಯುದ್ಧವನ್ನು ಸಮರ್ಥಿಸಿಕೊಳ್ಳಲು ಅಧ್ಯಕ್ಷರೊಬ್ಬರು ಆ ಕಾದಂಬರಿಯನ್ನು ಎಳೆತಂದದ್ದು ಆಗ ಹಲವರಿಗೆ ತಮಾಷೆಯಾಗಿ ಕಂಡಿತು. ನನಗೆ ಹಾಗನ್ನಿಸುವುದಿಲ್ಲ. ಬುಷ್ ಕಾದಂಬರಿಯನ್ನು ಅರ್ಧ ಓದಿದ್ದರು. ಅವರನ್ನು ನೋಡಿ ನಕ್ಕವರು ಓದಿದ್ದು ಉಳಿದರ್ಧವನ್ನು. ಪರದೇಶದ ಜಗಳಕ್ಕೆ ಸೈನ್ಯ ಕಳಿಸಬೇಕೋ, ತಾನಾಯಿತು ತನ್ನ ಪಾಡಾಯಿತು ಎಂದು ಇರಬೇಕೋ ಎಂಬ ಚರ್ಚೆ ಎದ್ದಾಗಲೆಲ್ಲ ಹೀಗೇ ಆಗುತ್ತದೆ. ಆದ್ದರಿಂದ ಗ್ರೀನ್ ಅವರ ಈ ಕಾದಂಬರಿಯನ್ನು ಫಿಲಿಪ್ ರಾತ್ ಅವರ ‘ದಿ ಪ್ಲಾಟ್ ಅಗೇನ್‌ಸ್ಟ್ ಅಮೆರಿಕ’ದ ಪಕ್ಕದಲ್ಲಿಟ್ಟು ಓದಬೇಕೆಂದು ನನ್ನ ಸಲಹೆ. ಒಂದು ಹೋದವರ ಕಥೆ, ಇನ್ನೊಂದು ಹೋಗದೆ ಉಳಿದವರ ಕಥೆ.

ಗ್ರೀನ್ 1950ರ ದಶಕದ ಆರಂಭದಲ್ಲಿ ವರದಿಗಾರರಾಗಿ ಇಂಡೋಚೈನಾಕ್ಕೆ ಹೋಗಿ ಬಂದವರು. ಫ್ರೆಂಚರು ಅಲ್ಲಿ ಸೋಲುತ್ತಿದ್ದುದನ್ನು ಕಣ್ಣಾರೆ ಕಂಡವರು. ಕಾದಂಬರಿ ಪ್ರಕಟವಾದದ್ದು 1955ರಲ್ಲಿ. ಅಮೆರಿಕದ ಪದಾತಿ ದಳಗಳು ವಿಯೆಟ್ನಾಂನಲ್ಲಿ ಇಳಿಯುವುದಕ್ಕೆ ಹತ್ತು ವರ್ಷ ಮೊದಲು. ಕಥೆ ಹೇಳುವವನು ಫೌಲರ್, ನಡುವಯಸ್ಸಿನ ಬ್ರಿಟಿಷ್ ಪತ್ರಕರ್ತ. ತಾನು ಬರೀ ವರದಿಗಾರ, ಯಾರ ಪಕ್ಷವೂ ಅಲ್ಲ ಎಂಬುದು ಅವನ ಜಂಬ. ಎದುರಿಗಿರುವವನು ಪೈಲ್, ಅಮೆರಿಕದ ಆರ್ಥಿಕ ನೆರವಿನ ಕಚೇರಿಯ ಯುವಕ. ಸಭ್ಯ, ಸಂಕೋಚದವನು, ಓದಿಕೊಂಡವನು. ಯಾರ್ಕ್ ಹಾರ್ಡಿಂಗ್ ಎಂಬ ಲೇಖಕನ ಪುಸ್ತಕಗಳೇ ಅವನ ವೇದ. ಫ್ರೆಂಚರೂ ಅಲ್ಲದ, ಕಮ್ಯುನಿಸ್ಟರೂ ಅಲ್ಲದ ‘ಮೂರನೇ ಶಕ್ತಿ’ಯೊಂದನ್ನು ಕಟ್ಟಿದರೆ ದೇಶ ಉದ್ಧಾರವಾಗುತ್ತದೆಂದು ಅವುಗಳಲ್ಲಿ ಓದಿದ್ದಾನೆ. ಆ ಹಾರ್ಡಿಂಗ್ ವಿಯೆಟ್ನಾಂನಲ್ಲಿ ಇದ್ದದ್ದು ಬೇರೆಲ್ಲಿಗೋ ಹೋಗುವ ದಾರಿಯಲ್ಲಿ ಒಂದೇ ವಾರ.

ಪೈಲ್ ಒಬ್ಬ ಸೇನಾನಾಯಕನನ್ನು ಆರಿಸಿಕೊಂಡು ಅವನಿಗೆ ಸ್ಫೋಟಕದ ಸಾಮಗ್ರಿ ಒದಗಿಸುತ್ತಾನೆ. ಸೈಗಾನ್‌ನ ಚೌಕದಲ್ಲಿ ಬಾಂಬ್ ಸಿಡಿಯುತ್ತದೆ. ಅಂದು ನಡೆಯಬೇಕಿದ್ದ ಸೇನಾ ಪೆರೇಡ್ ರದ್ದಾಗಿರುತ್ತದೆ. ಸಾಯುವವರು ಸಂತೆಗೆ ಬಂದ ಹೆಂಗಸರು, ಮಕ್ಕಳು. ರಕ್ತದ ನಡುವೆ ನಿಂತ ಪೈಲ್‌ಗೆ ಮೊದಲು ಕಾಣುವುದು ತನ್ನ ಶೂ ಕೊಳೆಯಾದದ್ದು. ಅವನನ್ನು ಕ್ರೂರಿಯೆಂದು ಗ್ರೀನ್ ಎಲ್ಲಿಯೂ ಚಿತ್ರಿಸುವುದಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವವನೂ ಒಳ್ಳೆಯ ವೈದ್ಯನೆಂದೇ ತನ್ನನ್ನು ತಾನು ನಂಬಿರುತ್ತಾನಲ್ಲವೇ?

ಇಷ್ಟಕ್ಕೇ ನಿಲ್ಲಿಸಿದರೆ ಇದು ‘ಹೋಗಬೇಡಿ’ ಎನ್ನುವ ಕಾದಂಬರಿ. ಬಹಳಷ್ಟು ಓದುಗರು ಇಲ್ಲಿಗೇ ನಿಲ್ಲುತ್ತಾರೆ. ಆದರೆ ಫೌಲರ್‌ನ ತಾಟಸ್ಥ್ಯವನ್ನೂ ಗ್ರೀನ್ ಉಳಿಯಗೊಡುವುದಿಲ್ಲ. ರಾತ್ರಿ ಕಾವಲು ಗೋಪುರವೊಂದರಲ್ಲಿ ಆಶ್ರಯ ಪಡೆದ ಫೌಲರ್‌ನಿಂದಾಗಿ ಅಲ್ಲಿದ್ದ ಇಬ್ಬರು ಎಳೆಯ ವಿಯೆಟ್ನಾಮಿ ಸೈನಿಕರು ದಾಳಿಗೆ ತುತ್ತಾಗುತ್ತಾರೆ. ಕತ್ತಲಲ್ಲಿ ಅವರಲ್ಲೊಬ್ಬ ನರಳುವುದು ಕೇಳಿದಾಗ, ಆ ನರಳಿಕೆಗೆ ತಾನೇ ಹೊಣೆ ಎಂಬುದು ಅವನಿಗೆ ಹೊಳೆಯುತ್ತದೆ. ಬಾಂಬ್ ಸಿಡಿದ ಮೇಲೆ ಅವನು ಪಕ್ಷ ಹಿಡಿಯುತ್ತಾನೆ. ಪುಸ್ತಕವೊಂದನ್ನು ಹಿಡಿದು ಕಿಟಕಿಯ ಬಳಿ ನಿಂತು ಕಮ್ಯುನಿಸ್ಟರಿಗೆ ಸನ್ನೆ ಕೊಡುತ್ತಾನೆ, ಪೈಲ್ ಕೊಲೆಯಾಗುತ್ತಾನೆ. ಇಲ್ಲಿ ಇನ್ನೊಂದು ತೊಡಕೂ ಇದೆ. ಪೈಲ್ ಸತ್ತರೆ ಫೌಲರ್‌ನ ಪ್ರೇಯಸಿ ಫುವಾಂಗ್ ಅವನ ಬಳಿಗೇ ಮರಳುತ್ತಾಳೆ. ಸತ್ತ ಮಕ್ಕಳಿಗಾಗಿ ಸನ್ನೆ ಕೊಟ್ಟನೋ, ಫುವಾಂಗ್‌ಗಾಗಿ ಕೊಟ್ಟನೋ? ಅವನಿಗೇ ಗೊತ್ತಿಲ್ಲ. ಪರರ ಉದ್ಧಾರಕ್ಕೆಂದು ಹೊರಟ ಯಾವ ಸೈನ್ಯದ ಬಗೆಗೂ ಈ ಪ್ರಶ್ನೆ ಕೇಳಬಹುದು.

1958ರಲ್ಲಿ ಜೋಸೆಫ್ ಮ್ಯಾಂಕೀವಿಟ್ಸ್ ಈ ಕಾದಂಬರಿಯನ್ನು ಸಿನಿಮಾ ಮಾಡಿದಾಗ ಈ ತೊಡಕನ್ನೇ ಬಿಚ್ಚಿ ಎಸೆದರು. ಅಲ್ಲಿ ಪೈಲ್ ನಿರಪರಾಧಿ, ಫೌಲರ್ ಮೋಸಹೋದ ಮೂರ್ಖ. ಗ್ರೀನ್ ಸಿಟ್ಟಾದದ್ದು ಸಹಜವೇ. 2002ರಲ್ಲಿ ಫಿಲಿಪ್ ನಾಯ್ಸ್ ಮಾಡಿದ ಸಿನಿಮಾ ಮೂಲಕ್ಕೆ ಹತ್ತಿರವಿತ್ತು. ಆದರೆ 2001ರ ಸೆಪ್ಟೆಂಬರ್ ದಾಳಿಯ ನಂತರ ಅದನ್ನು ಬಿಡುಗಡೆ ಮಾಡಲು ನಿರ್ಮಾಪಕರೇ ಹಿಂಜರಿದರು. ಸಂದೇಹಕ್ಕೆ ಯುದ್ಧದ ಹೊತ್ತಿನಲ್ಲಿ ಮಾರುಕಟ್ಟೆ ಇರುವುದಿಲ್ಲ.

ಈಗ ಇನ್ನೊಂದು ದಡಕ್ಕೆ ಬರೋಣ. ರಾತ್ ಅವರ ಕಾದಂಬರಿ ಬಂದದ್ದು 2004ರಲ್ಲಿ. 1940ರ ಚುನಾವಣೆಯಲ್ಲಿ ರೂಸ್‌ವೆಲ್ಟ್ ಸೋತು, ಒಂಟಿಯಾಗಿ ಅಟ್ಲಾಂಟಿಕ್ ದಾಟಿ ಹೆಸರಾದ ವಿಮಾನಯಾನಿ ಚಾರ್ಲ್ಸ್ ಲಿಂಡ್‌ಬರ್ಗ್ ಗೆದ್ದಿದ್ದರೆ ಏನಾಗುತ್ತಿತ್ತು ಎಂಬ ಕಲ್ಪನೆ ಅದರದು. ಲಿಂಡ್‌ಬರ್ಗ್ ‘ಅಮೆರಿಕ ಫಸ್ಟ್’ ಸಮಿತಿಯ ಪ್ರಮುಖ ದನಿಯಾಗಿದ್ದದ್ದು ಮಾತ್ರ ಕಲ್ಪನೆಯಲ್ಲ. 1941ರ ಸೆಪ್ಟೆಂಬರ್ 11ರಂದು ಡೆ ಮೊಯಿನ್‌ನಲ್ಲಿ ಮಾತನಾಡುತ್ತ, ದೇಶವನ್ನು ಯುದ್ಧಕ್ಕೆ ನೂಕುತ್ತಿರುವವರು ಬ್ರಿಟಿಷರು, ಯಹೂದಿಗಳು ಮತ್ತು ರೂಸ್‌ವೆಲ್ಟ್ ಸರ್ಕಾರ ಎಂದು ಅವರು ಬಹಿರಂಗವಾಗಿ ಹೇಳಿದ್ದರು.

ಕಾದಂಬರಿಯಲ್ಲಿ ಅಧ್ಯಕ್ಷ ಲಿಂಡ್‌ಬರ್ಗ್ ಯುದ್ಧದಿಂದ ದೂರ ಉಳಿಯುತ್ತಾರೆ. ನ್ಯೂಅರ್ಕ್‌ನ ಯಹೂದಿ ಮನೆಯೊಂದರಲ್ಲಿ ಏಳು ವರ್ಷದ ಫಿಲಿಪ್ ಈ ‘ಶಾಂತಿ’ಯನ್ನು ನೋಡುತ್ತಾನೆ. ಕುಟುಂಬವನ್ನು ಹೋಟೆಲ್‌ನಿಂದ ಹೊರಹಾಕುತ್ತಾರೆ. ಅಣ್ಣನನ್ನು ಸರ್ಕಾರಿ ಯೋಜನೆಯೊಂದು ಬೇಸಾಯದ ನೆಪದಲ್ಲಿ ಕೆಂಟಕಿಗೆ ಕಳಿಸಿ ಮನಸ್ಸು ತಿರುಗಿಸುತ್ತದೆ. ಹಿಟ್ಲರ್ ವಿರುದ್ಧ ಹೋರಾಡಲು ಕೆನಡಾ ಸೇನೆ ಸೇರಿದ ದಾಯಾದಿ ಆಲ್ವಿನ್ ಕಾಲು ಕಳೆದುಕೊಂಡು ಬರುತ್ತಾನೆ. ಹೊರಗಿನ ಯುದ್ಧಕ್ಕೆ ಬಾಗಿಲು ಹಾಕಿದರೆ ಮನೆಯೊಳಗೆ ಎಲ್ಲರೂ ಒಂದೇ ತರಹ ಸುರಕ್ಷಿತರಾಗಿರುವುದಿಲ್ಲ ಎಂಬುದನ್ನು ರಾತ್ ಅಡುಗೆಮನೆಯ ಮಾತುಕತೆಯಲ್ಲೇ ತೋರಿಸುತ್ತಾರೆ.

ಇಡೀ ಕಾದಂಬರಿಯಲ್ಲಿ ನನ್ನನ್ನು ಹೆಚ್ಚು ಕಾಡುವುದು ಒಂದು ಸಣ್ಣ ಪ್ರಸಂಗ. ತಮ್ಮ ಕುಟುಂಬವನ್ನು ದೂರದ ಊರಿಗೆ ವರ್ಗ ಮಾಡುತ್ತಾರೆಂದು ತಿಳಿದ ಫಿಲಿಪ್, ಅಧಿಕಾರಸ್ಥರಿಗೆ ಹತ್ತಿರವಿರುವ ಚಿಕ್ಕಮ್ಮನ ಬಳಿ ಹೋಗಿ, ನಮ್ಮ ಬದಲು ಕೆಳಗಿನ ಮನೆಯ ಸೆಲ್ಡನ್ ಮನೆಯವರನ್ನು ಕಳಿಸಬಾರದೇ ಎನ್ನುತ್ತಾನೆ. ಅವರನ್ನೂ ಕಳಿಸುತ್ತಾರೆ. ಫಿಲಿಪ್‌ನ ಅಪ್ಪ ಕೆಲಸ ಬಿಟ್ಟು ಊರಲ್ಲೇ ಉಳಿಯುತ್ತಾನೆ. ಸೆಲ್ಡನ್ ಮತ್ತು ಅವನ ತಾಯಿ ಮಾತ್ರ ಹೋಗುತ್ತಾರೆ. ಗಲಭೆಯಲ್ಲಿ ಆ ತಾಯಿ ಕೊಲೆಯಾಗುತ್ತಾಳೆ. ಮಗು ಬಯಸಿದ್ದು ಇಷ್ಟೇ: ಕಷ್ಟ ನಮ್ಮ ಮನೆಗೆ ಬೇಡ. ತನ್ನ ಪಾಡಿಗೆ ತಾನಿರುತ್ತೇನೆ ಎನ್ನುವ ದೇಶ ಬಯಸುವುದೂ ಇದನ್ನೇ. ತಪ್ಪಿಸಿಕೊಂಡ ಕಷ್ಟ ಕೆಳಗಿನ ಮನೆಗೆ ಹೋಗಿರುತ್ತದೆ.

ಎರಡೂ ಕಾದಂಬರಿಗಳ ಮೇಲೆ ನನ್ನ ತಕರಾರುಗಳಿವೆ. ಯುದ್ಧ ಬೇಡವೆಂದ ಅಮೆರಿಕನ್ನರೆಲ್ಲ ಯಹೂದಿ ದ್ವೇಷಿಗಳಾಗಿರಲಿಲ್ಲ. ಮೊದಲ ಮಹಾಯುದ್ಧದಲ್ಲಿ ಸತ್ತ 1 ಲಕ್ಷ 16 ಸಾವಿರಕ್ಕೂ ಹೆಚ್ಚು ಅಮೆರಿಕನ್ ಸೈನಿಕರ ನೆನಪು ಆ ಪೀಳಿಗೆಗೆ ಹಸಿಯಾಗಿತ್ತು. ‘ಅಮೆರಿಕ ಫಸ್ಟ್’ ಬೇರೂರಿದ್ದು ಯೇಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ನಡುವೆ. ಮುಂದೆ ಅಧ್ಯಕ್ಷರಾದ ಜೆರಾಲ್ಡ್ ಫೋರ್ಡ್ ಅವರಲ್ಲೊಬ್ಬರು. ಈ ಪ್ರಾಮಾಣಿಕ ಹೆದರಿಕೆಗೆ ರಾತ್ ಅವರ ಪುಟಗಳಲ್ಲಿ ಸಾಕಷ್ಟು ಜಾಗ ಸಿಕ್ಕಿಲ್ಲ. ಕೊನೆಯಲ್ಲಿ ಲಿಂಡ್‌ಬರ್ಗ್ ವಿಮಾನ ಸಮೇತ ಮಾಯವಾಗಿ, ರೂಸ್‌ವೆಲ್ಟ್ ಮರಳಿ, ಇತಿಹಾಸ ತನ್ನ ಹಳಿಗೆ ಬಂದುಬಿಡುವುದೂ ಸಲೀಸಾದ ಪರಿಹಾರ.

ಗ್ರೀನ್ ಅವರ ದೋಷ ಇದಕ್ಕಿಂತ ಆಳದ್ದು. ಇಬ್ಬರು ಬಿಳಿಯರು ಫುವಾಂಗ್‌ಗೆ ಯಾವುದು ಒಳ್ಳೆಯದೆಂದು ಪುಟಗಟ್ಟಲೆ ಜಗಳವಾಡುತ್ತಾರೆ. ಅವಳು ಅಫೀಮಿನ ಕೊಳವೆ ಸಿದ್ಧಪಡಿಸುತ್ತಾಳೆ, ರಾಣಿಯರ ಚಿತ್ರವಿರುವ ಪತ್ರಿಕೆ ತಿರುವುತ್ತಾಳೆ, ಹೆಚ್ಚು ಮಾತನಾಡುವುದಿಲ್ಲ. ಫೌಲರ್‌ನ ಕುರುಡುತನವನ್ನು ತೋರಿಸಲೆಂದೇ ಗ್ರೀನ್ ಹೀಗೆ ಮಾಡಿದ್ದಾರೆ ಎಂಬ ಸಮರ್ಥನೆಯನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಪೈಲ್‌ನ ಮೇಲೆ ಹೊರಿಸಿದ ಆರೋಪ ಕಾದಂಬರಿಯ ಮೇಲೂ ಬರುತ್ತದೆ. ಆ ದೇಶದ ಬಗ್ಗೆ ಬರೆದ ಪುಸ್ತಕದಲ್ಲೂ ಆ ದೇಶದವಳ ಮಾತು ನಮಗೆ ಸಿಗುವುದು ಅಷ್ಟಕ್ಕಷ್ಟೇ.

ಇದನ್ನೆಲ್ಲ ಅಮೆರಿಕದ ತಲೆನೋವೆಂದು ನಾವು ಪಕ್ಕಕ್ಕಿಡುವಂತಿಲ್ಲ. 1971ರಲ್ಲಿ ಸುಮಾರು ಒಂದು ಕೋಟಿ ನಿರಾಶ್ರಿತರು ಗಡಿ ದಾಟಿ ಬಂದಾಗ ಭಾರತ ಕೈಕಟ್ಟಿ ಕೂರಲಿಲ್ಲ. ಅದರ ಫಲ ಬಾಂಗ್ಲಾದೇಶ. 1987ರಲ್ಲಿ ಶಾಂತಿಪಾಲನೆಗೆಂದು ಶ್ರೀಲಂಕಾಕ್ಕೆ ಹೋದ ನಮ್ಮ ಸೇನೆ, ಕಾಪಾಡಲು ಹೋದ ತಮಿಳರ ನಡುವೆಯೇ ಯುದ್ಧಕ್ಕಿಳಿದು, ಸಾವಿರಕ್ಕೂ ಹೆಚ್ಚು ಯೋಧರನ್ನು ಕಳೆದುಕೊಂಡು 1990ರಲ್ಲಿ ಮರಳಿತು. ಎರಡೂ ನಮ್ಮವೇ. ಒಂದನ್ನು ಹೆಮ್ಮೆಯಿಂದ ನೆನೆದು ಇನ್ನೊಂದನ್ನು ಮರೆತರೆ ನಾವೂ ಅರ್ಧ ಓದಿದವರೇ.

ಹಾಗಾದರೆ ಹೋಗಬೇಕೋ ಬೇಡವೋ? ಕಾದಂಬರಿಗಳು ಇದಕ್ಕೆ ಉತ್ತರ ಕೊಡುವುದಿಲ್ಲ, ಕೊಡಬೇಕಾಗಿಯೂ ಇಲ್ಲ. ಆದರೆ ಉತ್ತರ ಕೊಡುವವರನ್ನು ಪರೀಕ್ಷಿಸುವುದು ಹೇಗೆಂದು ಕಲಿಸುತ್ತವೆ. ಹೊರಡೋಣ ಎನ್ನುವವರನ್ನು, ಆ ಊರಿನ ಬಗ್ಗೆ ನಿಮಗೆ ಗೊತ್ತಿರುವುದು ಯಾರ್ಕ್ ಹಾರ್ಡಿಂಗ್‌ಗಿಂತ ಎಷ್ಟು ಹೆಚ್ಚು ಎಂದು ಕೇಳಬೇಕು. ನಮಗೇಕೆ ಊರ ಉಸಾಬರಿ ಎನ್ನುವವರನ್ನು, ನಿಮ್ಮ ನೆಮ್ಮದಿಗಾಗಿ ಯಾವ ಸೆಲ್ಡನ್‌ನ ತಾಯಿ ಊರು ಬಿಟ್ಟಳು ಎಂದು ಕೇಳಬೇಕು. ಬುಷ್ ಎರಡನೆಯ ಪ್ರಶ್ನೆಯನ್ನು ಸರಿಯಾಗಿಯೇ ಕೇಳಿದ್ದರು. ಮೊದಲನೆಯದನ್ನು 2003ರ ಮಾರ್ಚ್‌ನಲ್ಲಿ, ಇರಾಕ್‌ಗೆ ಹೊರಡುವ ಮೊದಲು, ತಮಗೆ ತಾವೇ ಕೇಳಿಕೊಳ್ಳಬೇಕಿತ್ತು.