ಬಿನ್ನಹದ ಗದ್ಯ

ಕಾವ್ಯ, ನಾಟಕ, ಕಾದಂಬರಿಗಳ ಗುಣದೋಷಗಳನ್ನು ವಿವೇಚಿಸುವುದು ವಿಮರ್ಶಕನ ನಿತ್ಯದ ಕೆಲಸ. ಪ್ರಜೆಗಳು ಸರಕಾರಕ್ಕೆ ಬರೆದುಕೊಂಡ ಅರ್ಜಿಗಳನ್ನು ಸಾಹಿತ್ಯದ ಸಾಲಿಗೆ ಸೇರಿಸುವವರು ವಿರಳ. ಅರ್ಜಿಯೆಂದರೆ ದಫ್ತರಕ್ಕೆ ಸೇರಿದ ಕಾಗದ; ಅದರ ಮೇಲೆ ಹುಕುಮು ಬರೆದು ಕಟ್ಟಿಟ್ಟರೆ ಅದರ ಆಯುಸ್ಸು ತೀರಿತೆಂಬುದು ಸಾಮಾನ್ಯವಾದ ಭಾವನೆ. ಆದರೆ ನಮ್ಮ ನುಡಿ ಈ ಬಗೆಯ ಮಾತಿಗೆ ಇದಕ್ಕಿಂತ ಹೆಚ್ಚಿನ ಗೌರವವನ್ನು ಸಲ್ಲಿಸಿದೆ. ಸಂಸ್ಕೃತದ 'ವಿಜ್ಞಾಪನ'ವು ಕನ್ನಡದಲ್ಲಿ 'ಬಿನ್ನಪ'ವಾಗಿ, 'ಬಿನ್ನಹ'ವಾಗಿ, ಮಂತ್ರಿಯು ದೊರೆಗೆ ಅರಿಕೆಮಾಡುವ ಮಾತಿಗೂ ಭಕ್ತನು ದೇವರಲ್ಲಿ ಇಡುವ ಮೊರೆಗೂ ಒಂದೇ ಹೆಸರಾಗಿ ನಿಂತಿದೆ. ತಿಳಿಸುವುದೆಂಬುದು ಆ ಮಾತಿನ ಮೂಲಾರ್ಥ. ಬೇಡುವುದೆಂಬುದು ಆಮೇಲೆ ಬಂದು ಸೇರಿದ ಅರ್ಥ. ಈ ಎರಡು ಅರ್ಥಗಳಿಗೂ ಇರುವ ಅಂತರವು 17ನೆಯ ಶತಮಾನದ ಇಂಗ್ಲೆಂಡಿನಲ್ಲಿ, ಅಂತರ್ಯುದ್ಧದ ತರುವಾಯ ಜನರು ಬರೆದ ಬಿನ್ನಹಗಳಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಮತ್ತೆಲ್ಲಿಯೂ ಕಾಣದೆಂದು ನನ್ನ ಅಭಿಪ್ರಾಯ. ಆ ಬರೆಹಗಳನ್ನು ಗದ್ಯದ ದೃಷ್ಟಿಯಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಚರಿತ್ರೆಯ ಸಂಗತಿಯನ್ನು ನಾಲ್ಕು ಮಾತಿನಲ್ಲಿ ಹೇಳಬಹುದು. ಮೊದಲನೆಯ ಚಾರ್ಲ್ಸ್ ದೊರೆಗೂ ಪಾರ್ಲಿಮೆಂಟಿಗೂ 1642ರಲ್ಲಿ ಹತ್ತಿದ ಯುದ್ಧದ ಮೊದಲನೆಯ ಘಟ್ಟವು 1646ರಲ್ಲಿ ದೊರೆಯ ಸೋಲಿನೊಡನೆ ಮುಗಿಯಿತು. ಪಾರ್ಲಿಮೆಂಟು ಗೆದ್ದಿತು, ಅದನ್ನು ಗೆಲ್ಲಿಸಿದವರ ಕಷ್ಟ ಮಾತ್ರ ತೀರಲಿಲ್ಲ. ಸಿಪಾಯಿಗಳಿಗೆ ಸಂಬಳ ಬಾಕಿ ನಿಂತಿತು. ಯುದ್ಧಕಾಲದಲ್ಲಿ ಮೇಲಿನವರ ಅಪ್ಪಣೆಯಂತೆ ನಡೆದುಕೊಂಡದ್ದಕ್ಕಾಗಿ ತಮ್ಮ ಮೇಲೆ ವ್ಯಾಜ್ಯ ಬಂದೀತೆಂಬ ಭಯ ಅವರನ್ನು ಬಾಧಿಸುತ್ತಿತ್ತು. ಬಾಕಿಯನ್ನು ತೀರಿಸಬೇಕು, ಅಂಗಹೀನರಾದವರಿಗೂ ಸತ್ತವರ ವಿಧವೆಯರಿಗೂ ಜೀವನಕ್ಕೆ ದಾರಿ ಮಾಡಬೇಕು ಎಂದು 1647ರ ಮಾರ್ಚಿಯಲ್ಲಿ ಅವರು ತಮ್ಮ ಸೇನಾಪತಿ ಫೇರ್‌ಫ್ಯಾಕ್ಸನ ಮೂಲಕ ಅರಿಕೆಮಾಡಿಕೊಳ್ಳಲು ಹೊರಟರು. ಅದಕ್ಕೆ ದೊರೆತ ಉತ್ತರ ವಿಲಕ್ಷಣವಾದುದು. ಆ ಬಿನ್ನಹವನ್ನು ಮುಂದುವರಿಸುವವರನ್ನು ರಾಜ್ಯದ ಶತ್ರುಗಳೆಂದು ಎಣಿಸಲಾಗುವುದೆಂದು ಪಾರ್ಲಿಮೆಂಟು ಅದೇ ತಿಂಗಳ ಕೊನೆಯಲ್ಲಿ ಸಾರಿತು. ತನಗಾಗಿ ರಕ್ತ ಸುರಿಸಿದವನು ಬಾಕಿ ಕೇಳಿದಕೂಡಲೆ ಶತ್ರುವಾದನು!

ಈ ಕಾಲದಲ್ಲಿಯೇ ಲಂಡನ್ನಿನ ನಾಗರಿಕರ ಒಂದು ಪಕ್ಷವು ತಲೆಯೆತ್ತಿತು. ಜಾನ್ ಲಿಲ್‌ಬರ್ನ್, ವಿಲಿಯಂ ವಾಲ್ವಿನ್, ರಿಚರ್ಡ್ ಓವರ್ಟನ್ ಇವರು ಅದರ ಮುಖಂಡರು. ಎಲ್ಲರನ್ನೂ ತಟ್ಟುಮಾಡುವವರು ಎಂಬರ್ಥದ 'ಲೆವೆಲರ್' ಎಂಬ ಹೆಸರು ವಿರೋಧಿಗಳು ಹಾಸ್ಯಕ್ಕೆ ಇಟ್ಟದ್ದು. ಚರಿತ್ರೆಯಲ್ಲಿ ಅದೇ ನಿಂತುಹೋಯಿತು. 1647ರಲ್ಲಿ ಇವರು ಸಿದ್ಧಪಡಿಸಿದ 'ಮಹಾವಿಜ್ಞಾಪನೆ'ಯು ಈ ಜಾತಿಯ ಗದ್ಯದಲ್ಲಿ ಮೊದಲು ಓದತಕ್ಕದ್ದು. ಅದರಲ್ಲಿ ವಾಲ್ವಿನ್ನನ ಕೈ ಹೆಚ್ಚೆಂದು ವಿದ್ವಾಂಸರ ಮತ.

ಅದರ ರಚನೆಯನ್ನು ಗಮನಿಸಬೇಕು. ಮೊದಲ ಭಾಗವೆಲ್ಲ ಕೃತಜ್ಞತೆ. ಪಾರ್ಲಿಮೆಂಟು ಹಿಂದೆ ಯಾವ ಯಾವ ದಬ್ಬಾಳಿಕೆಗಳನ್ನು ತೊಡೆದುಹಾಕಿತೆಂಬುದನ್ನು ಅದು ಒಂದೊಂದಾಗಿ ನೆನೆಯುತ್ತದೆ. ಸ್ಟಾರ್ ಛೇಂಬರ್ ಎಂಬ ಕ್ರೂರ ನ್ಯಾಯಸ್ಥಾನ ಹೋದದ್ದು, ಹಡಗಿನ ತೆರಿಗೆ ನಿಂತದ್ದು ಇತ್ಯಾದಿ. ಓದುವವನು ಇದು ಬರಿಯ ಸ್ತುತಿಯೆಂದು ಭಾವಿಸುವ ಹೊತ್ತಿಗೆ ಮಾತು ತಿರುಗುತ್ತದೆ. ಹೋದುವೆಂದುಕೊಂಡ ಪೀಡೆಗಳೆಲ್ಲ ಬೇರೆ ವೇಷದಲ್ಲಿ ಇಲ್ಲಿಯೇ ಇವೆಯೆಂದು ಎರಡನೆಯ ಭಾಗ ತೋರಿಸುತ್ತದೆ. ಹೊಗಳಿಕೆಯೇ ಅಳತೆಗೋಲಾಗಿ, ಹೊಗಳಿಸಿಕೊಂಡವನೇ ಅದರಿಂದ ಅಳೆಯಲ್ಪಡುತ್ತಾನೆ. ಆಮೇಲೆ 13 ಬೇಡಿಕೆಗಳು. ಆಪಾದಿತನನ್ನು ಅವನ ವಿರುದ್ಧವೇ ಸಾಕ್ಷಿ ನುಡಿಯುವಂತೆ ಬಲಾತ್ಕರಿಸಬಾರದು. ಸಾಲ ತೀರಿಸಲಾರದ ಬಡವನನ್ನು ಸೆರೆಯಲ್ಲಿ ಕೊಳೆಯಿಸಬಾರದು. ವರ್ತಕಸಂಘಗಳ ಏಕಸ್ವಾಮ್ಯ ಹೋಗಬೇಕು. ನ್ಯಾಯಸ್ಥಾನದ ವ್ಯವಹಾರ ಜನರ ಭಾಷೆಯಾದ ಇಂಗ್ಲಿಷಿನಲ್ಲಿ ನಡೆಯಬೇಕು. ಅಂದಿನ ನ್ಯಾಯವಾದಿಗಳು ಲ್ಯಾಟಿನ್ನನ್ನೂ ಒಂದು ಬಗೆಯ ಕೆಟ್ಟ ಫ್ರೆಂಚನ್ನೂ ಬಳಸುತ್ತಿದ್ದರು. ತನ್ನ ಗತಿಯನ್ನು ನಿಶ್ಚಯಿಸುವ ಮಾತು ತನಗೇ ಅರ್ಥವಾಗದಿರುವುದು ಎಂಥ ಸಂಕಟವೆಂಬುದನ್ನು ಕನ್ನಡಿಗರಿಗೆ ವಿವರಿಸಬೇಕಾಗಿಲ್ಲ.

ಆದರೆ ಈ ಬಿನ್ನಹದ ನಿಜವಾದ ಸಾಹಸವು ಅದರ ತಲೆಬರಹದಲ್ಲಿದೆ. ಅದು ದೊರೆಗೆ ಬರೆದುದಲ್ಲ; ಶ್ರೀಮಂತರ ಮೇಲ್ಮನೆಗೆ ಬರೆದುದೂ ಅಲ್ಲ. ಜನಪ್ರತಿನಿಧಿಗಳ ಕಾಮನ್ಸ್ ಸಭೆಯನ್ನೇ ರಾಷ್ಟ್ರದ ಪರಮಾಧಿಕಾರವೆಂದು ಅದು ಸಂಬೋಧಿಸಿತು. ಯಾರಿಗೆ ಅರಿಕೆ ಎಂಬುದನ್ನು ನಿರ್ಧರಿಸುವವನು ಯಾರ ಅಧಿಕಾರ ಎಂಬುದನ್ನೂ ನಿರ್ಧರಿಸುತ್ತಾನೆ. ವಿನಯದ ಪದ್ಧತಿಯನ್ನೆಲ್ಲ ಹಾಗೆಯೇ ಉಳಿಸಿಕೊಂಡು, ಬಾಗಿದ ತಲೆಯಿಂದಲೇ, ಈ ಬರೆಹಗಾರರು ರಾಜ್ಯಾಂಗವನ್ನು ಬದಲಾಯಿಸಿಬಿಟ್ಟರು. ಸಭೆಯು ಆ ಗೌರವವನ್ನು ಸ್ವೀಕರಿಸಲಿಲ್ಲ. 1647ರ ಮೇ 20ರಂದು ವಿಜ್ಞಾಪನೆಯನ್ನು ಗಲ್ಲಿನವನ ಕೈಯಿಂದ ಸುಡಿಸಬೇಕೆಂದು ಅಪ್ಪಣೆಯಾಯಿತು. ಇನ್ನು 20 ತಿಂಗಳು ತುಂಬುವ ಮೊದಲೇ, 1649ರ ಜನವರಿ 4ರಂದು, ಅದೇ ಕಾಮನ್ಸ್ ಸಭೆಯು—ಸೈನ್ಯದಿಂದ ಅನೇಕ ಸದಸ್ಯರನ್ನು ಕಳೆದುಕೊಂಡು—ದೇವರ ಕೆಳಗೆ ಜನರೇ ಎಲ್ಲ ನ್ಯಾಯಸಮ್ಮತವಾದ ಅಧಿಕಾರದ ಮೂಲವೆಂದೂ ಅವರ ಪ್ರತಿನಿಧಿಯಾದ ತಾನೇ ಪರಮಾಧಿಕಾರವೆಂದೂ ನಿರ್ಣಯ ಮಾಡಿಕೊಂಡಿತು. ಸುಟ್ಟ ಕಾಗದದ ತಲೆಬರಹವು ಸುಡಿಸಿದವರ ಬಾಯಿಂದಲೇ ಹೊರಟಿತು.

ಈ ಪಕ್ಷದ ಎಲ್ಲ ಬರೆಹವೂ ಇಷ್ಟು ಹದವಾಗಿದೆಯೆಂದು ಹೇಳಲಾಗದು. ಲಿಲ್‌ಬರ್ನನ ಧೈರ್ಯವು ಅಸಾಧಾರಣ. ಅವನ ಗದ್ಯ ಮಾತ್ರ ತಾಳ್ಮೆಯನ್ನು ಪರೀಕ್ಷಿಸುವಂಥದು. ಮ್ಯಾಗ್ನಾ ಕಾರ್ಟಾ, ಹಳೆಯ ಶಾಸನಗಳು, ತಾನು ಪಟ್ಟ ಪಾಡು—ಇವು ಒಂದರಮೇಲೊಂದು ಬಿದ್ದು, ದೇಶದ ಅಹವಾಲು ಎಲ್ಲಿ ಮುಗಿಯಿತು, ಅವನ ಸ್ವಂತದ ಅಹವಾಲು ಎಲ್ಲಿ ಮೊದಲಾಯಿತು ಎಂದು ಓದುಗನಿಗೆ ತಿಳಿಯದು. ಓವರ್ಟನ್ನನ ವ್ಯಂಗ್ಯ ಹರಿತವಾದುದು. ಆದರೆ ವ್ಯಂಗ್ಯವು ಕರಪತ್ರಕ್ಕೆ ಒಪ್ಪುವಂತೆ ಬಿನ್ನಹಕ್ಕೆ ಒಪ್ಪದು. ಕೇಳುವವನನ್ನು ನಗೆಗೀಡುಮಾಡಿದ ಮೇಲೆ ಅವನ ಕಿವಿಯನ್ನು ಅಪೇಕ್ಷಿಸುವುದು ಹೇಗೆ?

ಇವರೆಲ್ಲರಿಗಿಂತ ಮೇಲಾದ ಗದ್ಯವನ್ನು ಹೆಂಗಸರು ಕೊಟ್ಟರು. ದೊರೆಯ ಶಿರಚ್ಛೇದವಾಗಿ ಗಣರಾಜ್ಯ ಸ್ಥಾಪಿತವಾದ 1649ರ ಮಾರ್ಚಿಯಲ್ಲಿ ಈ ಮೂವರನ್ನೂ ಥಾಮಸ್ ಪ್ರಿನ್ಸ್ ಎಂಬ ನಾಲ್ಕನೆಯವನನ್ನೂ ಹಿಡಿದು ಲಂಡನ್ ಗೋಪುರದ ಸೆರೆಗೆ ಕಳುಹಿಸಿದರು. ಏಪ್ರಿಲಿನಲ್ಲಿ ನೂರಾರು ಹೆಂಗಸರು ಪಾರ್ಲಿಮೆಂಟಿನ ಬಾಗಿಲಿಗೆ ಬಿನ್ನಹವನ್ನು ತಂದಾಗ, ಈ ವಿಷಯ ನಿಮಗೆ ತಿಳಿಯುವಂಥದಲ್ಲ, ಮನೆಗೆ ಹೋಗಿ ಮನೆಗೆಲಸ ನೋಡಿಕೊಳ್ಳಿ ಎಂಬರ್ಥದ ಉತ್ತರ ಬಂದಿತು. ಮೇ 5ರಂದು ಅವರು ಮತ್ತೊಂದು ಬಿನ್ನಹವನ್ನು ತಂದರು. ಅದು ಬೈಯುವುದಿಲ್ಲ, ಅಳುವುದೂ ಇಲ್ಲ. ದೇವರು ತನ್ನ ಪ್ರತಿರೂಪದಲ್ಲಿ ನಮ್ಮನ್ನೂ ಸೃಷ್ಟಿಸಿರುವಾಗ, ಈ ಗಣರಾಜ್ಯದ ಸ್ವಾತಂತ್ರ್ಯದಲ್ಲಿ ನಮಗೂ ಪಾಲಿರುವಾಗ, ಬಿನ್ನವಿಸಿಕೊಳ್ಳುವುದಕ್ಕೂ ಅನರ್ಹರೆನ್ನುವಷ್ಟು ನಿಮ್ಮ ಕಣ್ಣಿಗೆ ನಾವು ತುಚ್ಛರಾಗಿ ತೋರುವುದು ಆಶ್ಚರ್ಯವನ್ನೂ ದುಃಖವನ್ನೂ ತರುತ್ತದೆ ಎಂದು ತಾತ್ಪರ್ಯ. ಸಿಪಾಯಿಗಳು ಗಂಡಸರನ್ನು ಹಾಸಿಗೆಯಿಂದ ಎಬ್ಬಿಸಿ ಎಳೆದೊಯ್ಯುತ್ತಿರುವಾಗ ಅದು ನಮಗೆ ಸಂಬಂಧಿಸಿದ್ದಲ್ಲವೆಂದು ಮನೆಯಲ್ಲಿ ಕುಳಿತಿರಬೇಕೆ ಎಂದು ಅದು ಕೇಳುತ್ತದೆ. ಮನೆಗೆ ಹೋಗಿರೆಂದವರಿಗೆ ಆ ಮನೆಯೇ ಸುರಕ್ಷಿತವಲ್ಲವೆಂಬ ಸಮಾಧಾನ! ಲಿಲ್‌ಬರ್ನನು ಹತ್ತು ಶಾಸನಗಳಿಂದ ಸಾಧಿಸಲಾರದ್ದನ್ನು ಈ ಒಂದು ಪ್ರಶ್ನೆ ಸಾಧಿಸುತ್ತದೆ.

ಇಲ್ಲಿಯ ತನಕ ಹೇಳಿದ್ದು ರಾಜಧಾನಿಯ ಮಾತು. ಹಳ್ಳಿಗಾಡುಗಳಲ್ಲಿ ಬರೆಯಲ್ಪಟ್ಟ ಬಿನ್ನಹಗಳ ರಾಶಿ ಬೇರೆಯೇ ಇದೆ. ಗಾಯಗೊಂಡ ಸಿಪಾಯಿಗೆ ಕೌಂಟಿಯ ತೆರಿಗೆಯಿಂದ ಪಿಂಚಣಿ ಕೊಡುವ ಕಾಯಿದೆ 1593ರಷ್ಟು ಹಿಂದೆಯೇ ಇದ್ದಿತು. ಪಾರ್ಲಿಮೆಂಟು 1642ರಲ್ಲಿ, ತನ್ನ ಪಕ್ಷದಲ್ಲಿ ಹೋರಾಡಿ ಮಡಿದವರ ವಿಧವೆಯರಿಗೂ ಮಕ್ಕಳಿಗೂ ನೆರವನ್ನು ವಿಸ್ತರಿಸಿತು. ಇದನ್ನು ಪಡೆಯಲು ವರ್ಷಕ್ಕೆ ನಾಲ್ಕು ಸಲ ಸೇರುವ ನ್ಯಾಯಾಧಿಕಾರಿಗಳ ಸಭೆಗೆ ಅರಿಕೆಮಾಡಿಕೊಳ್ಳಬೇಕಾಗಿತ್ತು. ಬರೆಯಬಾರದ ಬಡವರಿಗೆ ಬೇರೊಬ್ಬರು ಬರೆದುಕೊಡುತ್ತಿದ್ದರು. ಆದುದರಿಂದ ಸಂಬೋಧನೆಯೂ ಮುಕ್ತಾಯವೂ ಎಲ್ಲದರಲ್ಲಿ ಒಂದೇ ಅಚ್ಚಿನವು. ಆದರೆ ನಡುವೆ ಅಚ್ಚು ಒಡೆಯುತ್ತದೆ. ಯಾವ ಕ್ಯಾಪ್ಟನ್ನನ ಕೈಕೆಳಗೆ ಸೇವೆ, ಯಾವ ಕಾಳಗದಲ್ಲಿ ಯಾವ ಅಂಗಕ್ಕೆ ಏಟು, ಗಂಡ ಬಿಟ್ಟುಹೋದ ಮಕ್ಕಳೆಷ್ಟು, ಮಾಡುತ್ತಿದ್ದ ಕಸುಬನ್ನು ಈಗ ಏಕೆ ಮಾಡಲಾಗದು—ಇವನ್ನು ಯಾವ ಬರೆಯುವವನೂ ತನ್ನ ಕಲ್ಪನೆಯಿಂದ ತುಂಬಲಾರ. ಈಚಿನ ವರ್ಷಗಳಲ್ಲಿ ಇಂಗ್ಲೆಂಡಿನ ವಿದ್ವಾಂಸರು ಇವನ್ನು ದಫ್ತರಗಳಿಂದ ಹುಡುಕಿ ಪ್ರಕಟಿಸುತ್ತಿರುವುದು ಸ್ತುತ್ಯವಾದ ಕಾರ್ಯ.

1660ರಲ್ಲಿ ರಾಜತ್ವ ಮರಳಿ ಬಂದಿತು. ಪಾರ್ಲಿಮೆಂಟಿನ ಕಡೆಯ ಗಾಯಾಳುಗಳ ಪಿಂಚಣಿ ನಿಂತಿತು. 1662ರ ಕಾಯಿದೆಯಿಂದ ದೊರೆಯ ಪಕ್ಷದ ಗಾಯಾಳುಗಳಿಗೆ ಅದು ದೊರೆಯಿತು. ಅವರೂ ಅದೇ ಸಭೆಗೆ ಅದೇ ಧಾಟಿಯಲ್ಲಿ ಬರೆದರು. ಪಕ್ಷದ ಹೆಸರನ್ನು ಮುಚ್ಚಿ ಓದಿದರೆ ಎರಡು ಕಡೆಯವರ ಗಾಯವೂ ಒಂದೇ. ಯುದ್ಧದ ಕಾರಣಗಳನ್ನು ಕುರಿತು ಬರೆದ ದೊಡ್ಡ ಗ್ರಂಥಗಳು ಹೇಳದೆ ಬಿಟ್ಟದ್ದನ್ನು ಈ ಚಿಕ್ಕ ಕಾಗದಗಳು ಹೇಳುತ್ತವೆ.

ಇವು ಸಾಹಿತ್ಯವೆ ಎಂದು ವಾಚಕರು ಕೇಳಬಹುದು. ಬರೆದವರು ಹಾಗೆ ಎಣಿಸಿರಲಿಲ್ಲ. ರಸಾನಂದ ಅವರ ಗುರಿಯಾಗಿರಲಿಲ್ಲ. ಆದರೂ ಮಾತನ್ನು ಅಳೆದು ಆಡಬೇಕಾದ ಅವಸ್ಥೆ ಇವರಿಗಿದ್ದಷ್ಟು ಕವಿಗೂ ಇಲ್ಲ. ಒಂದು ಮಾತು ಹೆಚ್ಚಾದರೆ ಸೆರೆಮನೆ, ಒಂದು ಮಾತು ಕಡಮೆಯಾದರೆ ಉಪವಾಸ. ಕರುಣೆಯನ್ನೇ ನಂಬಿ ಬರೆದ ಭಾಗಗಳು ಇಂದು ಸಪ್ಪೆಯಾಗಿವೆ. ನಡೆದುದನ್ನು ನಡೆದಂತೆ ತಿಳಿಸಿದ ಭಾಗಗಳು ಇಂದಿಗೂ ಜೀವಂತವಾಗಿವೆ. ಬಿನ್ನಹದ ಬಲವು ಬೇಡುವುದರಲ್ಲಿಲ್ಲ, ತಿಳಿಸುವುದರಲ್ಲಿದೆ ಎಂಬುದಕ್ಕೆ ಇದೇ ಸಾಕ್ಷಿ.

ಈ ಬಲವನ್ನು ವಿಮರ್ಶಕರಿಗಿಂತ ಮೊದಲು ಸರಕಾರವೇ ಗುರುತಿಸಿತು. ರಾಜ್ಯದ ವ್ಯವಸ್ಥೆಯನ್ನು ಬದಲಿಸಬೇಕೆಂಬ ಬಿನ್ನಹಕ್ಕೆ, ಅಧಿಕಾರಿಗಳ ಒಪ್ಪಿಗೆಯಿಲ್ಲದೆ, 20ಕ್ಕಿಂತ ಹೆಚ್ಚು ಜನರ ರುಜು ಪಡೆಯಬಾರದೆಂದು 1661ರಲ್ಲಿ ಶಾಸನವಾಯಿತು. ದೊರೆಗೆ ಬಿನ್ನವಿಸಿಕೊಳ್ಳುವುದು ಪ್ರಜೆಯ ಹಕ್ಕು, ಅದಕ್ಕಾಗಿ ಸೆರೆಹಿಡಿಯುವುದು ಅಕ್ರಮ ಎಂದು 1689ರ ಹಕ್ಕುಗಳ ಶಾಸನವು ಒಪ್ಪಿಕೊಂಡಿತು. ನ್ಯಾಯಸ್ಥಾನಕ್ಕೆ 1650ರಲ್ಲಿ ಬಂದು 1660ರಲ್ಲಿ ಹೊರಟುಹೋಗಿದ್ದ ಇಂಗ್ಲಿಷು 1733ರಲ್ಲಿ ಸ್ಥಿರವಾಗಿ ನೆಲೆಸಿತು. ಮಹಾವಿಜ್ಞಾಪನೆಗೆ ರುಜು ಹಾಕಿದವರಲ್ಲಿ ಆ ದಿನವನ್ನು ಕಂಡವರು ಯಾರೂ ಉಳಿದಿರಲಿಲ್ಲ. ಅವರು ಕೇಳಿದ್ದು ನ್ಯಾಯವೆಂದು ರಾಜ್ಯವು ಒಪ್ಪಲು 86 ವರ್ಷ ಹಿಡಿಯಿತು. ಅದನ್ನು ಅವರು ಎಷ್ಟು ತಿಳಿಯಾಗಿ ಹೇಳಿದ್ದರೆಂಬುದನ್ನು ಒಪ್ಪಲು ನಮಗೆ ಅಷ್ಟು ಕಾಲ ಬೇಕಾಗಿಲ್ಲ.