ಚಿಮ್ಮಿದ ಬಣ್ಣ, ಹಚ್ಚಿದ ಮಾತು

ಈ ಕಪ್ಪು ಎರಚಿನ ಮೌನಸ್ಫೋಟದಲ್ಲಿ ಯುದ್ಧೋತ್ತರ ಮನುಷ್ಯನ ಅನಾಥಪ್ರಜ್ಞೆ ದಿಗಂಬರವಾಗಿ ನಿಂತಿದೆ. ಮೂಲೆಯ ಕೆಂಪು ತೊಟ್ಟು ಆತ್ಮದ ಆಕ್ರಂದನವಾದರೆ, ಪಕ್ಕದ ಹಳದಿ ಕಲೆ ವಿಶ್ವದ ನಿರುತ್ತರ. ಅರ್ಥವನ್ನು ನಿರಾಕರಿಸುವುದೇ ಇಲ್ಲಿನ ಪರಮಾರ್ಥ.

ಹೇಗಿದೆ ವಿಮರ್ಶೆ? ನಾನು ಬಣ್ಣಿಸಿದ್ದು ಚಿತ್ರವನ್ನಲ್ಲ, ನೆಲವನ್ನು. ನ್ಯೂಯಾರ್ಕ್ ರಾಜ್ಯದ ಲಾಂಗ್ ಐಲೆಂಡಿನ ಸ್ಪ್ರಿಂಗ್ಸ್‌ನಲ್ಲಿ ಚಿತ್ರಕಾರ ಜಾಕ್ಸನ್ ಪೊಲಾಕ್ ಕ್ಯಾನ್ವಾಸನ್ನು ನೆಲಕ್ಕೆ ಹಾಸಿ, ಮನೆಗೆ ಬಳಿಯುವ ಎನಾಮಲ್ ಬಣ್ಣವನ್ನು ಕಡ್ಡಿಯಿಂದಲೂ ಗಟ್ಟಿಯಾದ ಕುಂಚದಿಂದಲೂ ಸುರಿಯುತ್ತಿದ್ದ ಕೊಟ್ಟಿಗೆಯ ಹಲಗೆ ನೆಲ ಅದು. ಅಂಚು ದಾಟಿದ ಹನಿಗಳೆಲ್ಲ ಅಲ್ಲೇ ಒಣಗಿ ಕೂತಿವೆ.

ಬಣ್ಣ ಎರಚುವ ಪರಂಪರೆಗಿಂತ ಅದನ್ನು ಗೇಲಿ ಮಾಡುವ ಪರಂಪರೆ ಹಳೆಯದು. ವಿಸ್ಲರ್ ಬರೆದ ರಾತ್ರಿಯ ಬಾಣಬಿರುಸಿನ ಚಿತ್ರ ಕಂಡು, ಜನರ ಮುಖಕ್ಕೆ ಬಣ್ಣದ ಕುಡಿಕೆ ಎಸೆದಂತಿದೆ ಎಂದು ವಿಮರ್ಶಕ ರಸ್ಕಿನ್ 1877ರಲ್ಲೇ ಜರೆದ. ವಿಸ್ಲರ್ ಮೊಕದ್ದಮೆ ಹೂಡಿ ಗೆದ್ದ; ಸಿಕ್ಕ ಪರಿಹಾರ ಒಂದು ಫಾರ್ದಿಂಗ್, ಅಂದರೆ ಕಾಲು ಪೆನ್ನಿ! 1910ರಲ್ಲಿ ಪ್ಯಾರಿಸ್‌ನ ತುಂಟರು ಲೋಲೋ ಎಂಬ ಕತ್ತೆಯ ಬಾಲಕ್ಕೆ ಕುಂಚ ಕಟ್ಟಿ, ಮೂಡಿದ್ದನ್ನು ಏಡ್ರಿಯಾಟಿಕ್ ಸಮುದ್ರದ ಸೂರ್ಯಾಸ್ತವೆಂದು ಪ್ರದರ್ಶನಕ್ಕಿಟ್ಟರು. 1964ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ಪಿಯರ್ ಬ್ರಸೊ ಎಂಬ ‘ಫ್ರೆಂಚ್ ಕಲಾವಿದ’ನ ನಾಜೂಕನ್ನು ವಿಮರ್ಶಕನೊಬ್ಬ ಬ್ಯಾಲೆ ನರ್ತಕನಿಗೆ ಹೋಲಿಸಿದ. ಆ ಕಲಾವಿದ ಮೃಗಾಲಯದ ಚಿಂಪಾಂಜಿ. ಮಂಗನ ಕೈಗೆ ಮಾಣಿಕ್ಯ ಕೊಟ್ಟವರು ಯಾರೆಂಬುದನ್ನು ಗಮನಿಸಿ: ಬಣ್ಣ ಕೊಟ್ಟವನು ಪ್ರಾಣಿಪಾಲಕ, ಮಾಣಿಕ್ಯ ಕೊಟ್ಟವನು ವಿಮರ್ಶಕ.

ಈ ನಗೆ ತಟ್ಟುವುದು ಮಾತಿಗೆ, ಬಣ್ಣಕ್ಕಲ್ಲ. ವಿಮರ್ಶಕ ಕ್ಲೆಮೆಂಟ್ ಗ್ರೀನ್‌ಬರ್ಗ್ ಚಿತ್ರದ ಚಪ್ಪಟೆತನವನ್ನೇ ಅದರ ಸತ್ಯವೆಂದ. ಮತ್ತೊಬ್ಬ ವಿಮರ್ಶಕ ಹೆರಾಲ್ಡ್ ರೋಸೆನ್‌ಬರ್ಗ್ 1952ರಲ್ಲಿ ಕ್ಯಾನ್ವಾಸನ್ನು ಅಖಾಡವೆಂದು ಕರೆದ. ಇವರಿಬ್ಬರೂ ಕಣ್ಣಿದ್ದವರು. ಇವರ ಬೆನ್ನಿಗೆ ಬಂದವರಲ್ಲಿ ಹಲವರು ಕಣ್ಣನ್ನು ಬಿಟ್ಟು ಪದಗಳನ್ನಷ್ಟೇ ಎತ್ತಿಕೊಂಡರು. ಯಾವ ಚಿತ್ರಕ್ಕೆ ಹಚ್ಚಿದರೂ ಅಂಟುವ ಮಾತು ವಿಮರ್ಶೆಯಲ್ಲ, ಗೋಂದು.

ಹಾಗೆಂದು ಅಣಕಿಗ ಗೆದ್ದನೆಂದು ಬೀಗುವಂತಿಲ್ಲ. ‘ನಮ್ಮ ಮಗುವೂ ಹೀಗೆ ಬಳಿಯುತ್ತದೆ’ ಎನ್ನುವುದೂ ಎಲ್ಲಕ್ಕೂ ಅಂಟುವ ಗೋಂದೇ. ಇಬ್ಬರಿಗೂ ಉತ್ತರ ಅದೇ ಕೊಟ್ಟಿಗೆಯಲ್ಲಿದೆ. ನೆಲದ ಮೇಲೆ ಬಿದ್ದದ್ದೂ ಅದೇ ಕೈಯ ಬಣ್ಣ. ಆದರೆ ಪೊಲಾಕನ ‘ಒನ್: ನಂಬರ್ 31, 1950’ ನೋಡಿ. ಸುಮಾರು 2.7 ಮೀಟರ್ ಎತ್ತರ, 5.3 ಮೀಟರ್ ಅಗಲದ ಆ ಕ್ಯಾನ್ವಾಸಿನಲ್ಲಿ ಕಪ್ಪು, ಬಿಳಿ, ಕಂದು ಎಳೆಗಳು ಒಂದರ ಮೇಲೊಂದು ಹಾಯುತ್ತವೆ. ತೋಳು ಬೀಸಿದ ವೇಗಕ್ಕೆ ತಕ್ಕಂತೆ ಗೆರೆ ತೆಳುವಾಗುತ್ತದೆ, ನಿಂತಲ್ಲಿ ಮಡುಗಟ್ಟುತ್ತದೆ. ಅಂಚು ಹತ್ತಿರವಾದಂತೆ ಬಹುಪಾಲು ಎಳೆಗಳು ಒಳಕ್ಕೆ ಹೊರಳುತ್ತವೆ. ನೆಲದಲ್ಲಿ ಈ ಹೊರಳಿಲ್ಲ. ಅಲ್ಲಿರುವುದು ಬಿದ್ದ ಬಣ್ಣ, ಇಲ್ಲಿರುವುದು ಬೀಳಿಸಿದ ಬಣ್ಣ.

ನನ್ನ ಅಣಕು ವಿಮರ್ಶೆ ಎರಡಕ್ಕೂ ಸಮನಾಗಿ ಒಪ್ಪಿತು. ಅದೇ ಅದರ ಸೋಲು. ಎರಚುಚಿತ್ರಗಳಲ್ಲಿ ಸುಳ್ಳು ಬಹಳ, ನಿಜ ಸ್ವಲ್ಪ. ಬೇರ್ಪಡಿಸುವ ಕೆಲಸ ಪದಕೋಶದ್ದಲ್ಲ, ಕಣ್ಣಿನದು. ಆ ಕೊಟ್ಟಿಗೆ ಈಗ ವಸ್ತುಸಂಗ್ರಹಾಲಯದ ಭಾಗ. ಒಳಹೋಗುವವರು ನೆಲ ಸವೆಯದಂತೆ ಮೆತ್ತನೆಯ ಚಪ್ಪಲಿ ತೊಟ್ಟು ನಡೆಯುತ್ತಾರೆ.